ತಗಡಿನ ಆಚೆ ಬದಿ

ಭಾನುವಾರ, ಮಾರ್ಚ್ ೧೦

ವಿಮಾನದ ಯಜಮಾನರಿಗೆ,

ನಮಸ್ಕಾರ. ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿರುವುದು ನಿಮಗೆ ಕಾಣಿಸುತ್ತದೆ. ಕಾಣಿಸಲಿ. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ.

ನಿಮ್ಮ ಪತ್ರ ಬಂತು. ಹೆಂಡತಿ ಮನೆ ಬಿಟ್ಟು ಅಕ್ಕನ ಮನೆ ಸೇರಿ ಒಂದು ಚಳಿಗಾಲ ಕಳೆದ ಮೇಲೆ ಗಂಡ ಬರೆದ ಮೊದಲ ಪತ್ರ. ಬಾಗಿಲು ಹಾಕಿಕೊಂಡು ಓದಿದೆ. ಹೇಗಿದ್ದೀಯ ಎಂದಿಲ್ಲ. ಮೊದಲ ಸಾಲಿನಲ್ಲೇ ತಗಡು ಕತ್ತರಿಸಲು ಯಾವ ಕತ್ತರಿ ಒಳ್ಳೆಯದು ಎಂದು ಕೇಳಿದ್ದೀರಿ. ಆಮೇಲೆ ಡ್ರಿಲ್ಲು ಗಾಳಿಯದೋ ಕರೆಂಟಿನದೋ. ಆಮೇಲೆ ನಮ್ಮ ಹಳೆಯ ಡಾಲಿ, ಆ ಕಬ್ಬಿಣದ ಗಟ್ಟಿ, ಎಲ್ಲಿಟ್ಟಿದ್ದೀಯ. ಅಕ್ಕ ಬಾಗಿಲು ತಟ್ಟಿ 'ಏನಂತೆ, ಕರೀತಿದಾರಾ?' ಎಂದು ಕೇಳಿದಳು. ಹೌದು, ಕತ್ತರಿಯನ್ನು ಕರೆಯುತ್ತಿದ್ದಾರೆ ಎಂದೆ.

ಫೋನಿನಲ್ಲಿ ನಿಮ್ಮೊಡನೆ ಮಾತಾಡುವುದಿಲ್ಲ ಎಂದು ಆಣೆ ಹಾಕಿದ್ದೇನೆ. ಪತ್ರದ ಬಗ್ಗೆ ಏನೂ ಹೇಳಿರಲಿಲ್ಲ. ಹೀಗಾಗಿ ಒಂದೇ ಊರಿನ ಎರಡು ತುದಿಯಲ್ಲಿ ಕೂತು ಅಂಚೆಯವನಿಗೆ ಕೆಲಸ ಕೊಡುತ್ತಿದ್ದೇವೆ.

ನಾನು ಮನೆ ಬಿಟ್ಟದ್ದು ಯಾಕೆ ಎಂದು ನಿಮಗೆ ಮರೆತಿರಬಹುದು. ನೀವು ನಿವೃತ್ತರಾದ ಮಾರನೆಯ ದಿನವೇ ಉದ್ದನೆಯ ಪೆಟ್ಟಿಗೆಯಲ್ಲಿ ವಿಮಾನದ ನಕ್ಷೆಗಳು ಬಂದವು. ಸರಿ ಅಂದೆ. ಗಂಡಸು ಖಾಲಿ ಕೂತರೆ ಕಾಯಿಲೆ ಬೀಳುತ್ತಾನೆ ಎಂದು ನಾನೇ ಹಿತ್ತಲಿನ ಶೆಡ್ಡು ಖಾಲಿ ಮಾಡಿಕೊಟ್ಟೆ. ರೆಕ್ಕೆ ಶೆಡ್ಡಿಗಿಂತ ಉದ್ದವಾಯಿತು. ಶೆಡ್ಡಿನ ಗೋಡೆ ಒಡೆದಿರಿ, ಸುಮ್ಮನಿದ್ದೆ. ಕೊನೆಗೆ ಮಲಗುವ ಕೋಣೆಯ ಕಿಟಕಿ ಕಿತ್ತು ರೆಕ್ಕೆಯ ತುದಿಯನ್ನು ಒಳಗೆ ತಂದಿರಿ. ಅದು ಸರಿಯಾಗಿ ನನ್ನ ದಿಂಬಿನ ಮೇಲೆ ಬಂದು ನಿಂತಿತು. ನಿಮ್ಮದರ ಮೇಲಲ್ಲ, ನನ್ನದರ ಮೇಲೆ. ಅದು ಹೊರಗೆ ಹೋದ ದಿನ ನಾನು ಒಳಗೆ ಬರುತ್ತೇನೆ ಎಂದೆ. ಬೇರೆ ಗಂಡಂದಿರಾದರೆ ಹೋಗಬೇಡ ಅನ್ನುತ್ತಿದ್ದರು. ನೀವು ಬಸ್ ಸ್ಟಾಪಿನವರೆಗೆ ನನ್ನ ಬ್ಯಾಗು ಹೊತ್ತುಕೊಂಡು ಬಂದಿರಿ! ಕೈ ಬದಲಾಯಿಸುತ್ತ, ಉಸ್ ಅನ್ನುತ್ತ, ಇಷ್ಟು ಭಾರ ಏನಿಟ್ಟಿದ್ದೀಯ ಎಂದು ಗೊಣಗುತ್ತ. ಅಕ್ಕನಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. 'ಗಂಡ ಇನ್ನೊಬ್ಬಳ ಹಿಂದೆ ಹೋದ ಅಂತ ಮನೆ ಬಿಟ್ಟೋರನ್ನ ನೋಡಿದೀನಿ, ರೆಕ್ಕೆ ಹಿಂದೆ ಹೋದ ಅಂತ ಬಿಟ್ಟೋಳು ನೀನೊಬ್ಳೇ ಕಣೇ' ಅನ್ನುತ್ತಾಳೆ.

ಇರಲಿ. ಉಪಕರಣದ ಬಗ್ಗೆ ಕೇಳಿದರೆ ಶತ್ರುವಿಗೂ ಸರಿಯಾದ ಉತ್ತರ ಕೊಡಬೇಕು. ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ, ಟೂಲ್‌ರೂಮಿನ ಕಿಟಕಿಯ ಹಿಂದೆ ಇಷ್ಟು ವರ್ಷ ಕೂತು ನಾನು ಕಲಿತದ್ದು ಅದೊಂದೇ. ಬೆಳಿಗ್ಗೆ ಕೊಟ್ಟ ಸುತ್ತಿಗೆ ಸಂಜೆ ಯಾವ ಸ್ಥಿತಿಯಲ್ಲಿ ವಾಪಸ್ ಬರುತ್ತದೆ ಎಂದು ನೋಡಿ, ಆ ಮನುಷ್ಯನ ಮನೆ ಹೇಗಿದೆ ಎಂದು ಹೇಳಬಲ್ಲೆ. ನೀವು ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ ವಾಪಸ್ ಮಾಡುತ್ತಿದ್ದವರು. ಹೆಂಡತಿಯ ವಿಷಯದಲ್ಲಿ ಮಾತ್ರ ಆ ಬುದ್ಧಿ ಬರಲಿಲ್ಲ.

ಕತ್ತರಿ ಒಂದೇ ಕೊಂಡರೆ ಸಾಲದು. ಎಡಕ್ಕೆ ತಿರುಗಿಸಿ ಕತ್ತರಿಸಲು ಕೆಂಪು ಹಿಡಿಯದು, ಬಲಕ್ಕೆ ಹಸಿರು ಹಿಡಿಯದು, ಎರಡೂ ಬೇಕು. ಹಳದಿ ಹಿಡಿಯದು ನೇರಕ್ಕೆ ಮಾತ್ರ. ನಿಮ್ಮ ಹಾಗೆ, ಅದಕ್ಕೆ ತಿರುಗಲು ಬರುವುದಿಲ್ಲ. ಕತ್ತರಿಯ ಬಾಯಲ್ಲಿ ಹಲ್ಲಿನ ಗೆರೆ ಇದ್ದರೆ ತಗಡಿನ ಅಂಚು ಕಚ್ಚಿದ ಹಾಗಾಗುತ್ತದೆ. ಬಸ್ಸಿಗೆ ನಡೆದೀತು, ರೆಕ್ಕೆಗೆ ನಡೆಯುವುದಿಲ್ಲ, ಅಂಚನ್ನೆಲ್ಲ ಅರದಿಂದ ಉಜ್ಜಿ ನಯ ಮಾಡಬೇಕು. ಅರ ಕೊಳ್ಳುವಾಗ ಹಿಡಿ ಸಮೇತ ಕೊಳ್ಳಿ, ಆಮೇಲೆ ಹಾಕಿಸುತ್ತೇನೆ ಅನ್ನಬೇಡಿ. ನಿಮ್ಮ 'ಆಮೇಲೆ' ನನಗೆ ಗೊತ್ತು.

ಡ್ರಿಲ್ಲು ಗಾಳಿಯದೇ ತೆಗೆದುಕೊಳ್ಳಿ. ಹೇಗೂ ತಗಡಿಗೆ ರಿವೆಟ್ ಮೊಳೆ ಹೊಡೆಯುವ ಗನ್ನಿಗೆ ಕಂಪ್ರೆಸರ್ ಬೇಕೇ ಬೇಕು. ಗಾಳಿಯದು ಹಗುರ, ಬೆರಳಿನ ಮಾತು ಕೇಳುತ್ತದೆ, ನಿಧಾನ ಅಂದರೆ ನಿಧಾನ. ಕಂಪ್ರೆಸರನ್ನು ಮಾತ್ರ ಅಂಗಡಿಯಲ್ಲೇ ಓಡಿಸಿ ಶಬ್ದ ಕೇಳಿ ಕೊಳ್ಳಿ, ಎದುರುಮನೆಯ ಟೈಲರ್ ಈಗಾಗಲೇ ಹಲ್ಲು ಕಡಿಯುತ್ತಿದ್ದಾನೆ. ಡ್ರಿಲ್ಲಿನ ಬಿಟ್ಟುಗಳನ್ನು ಕಟ್ಟು ಕಟ್ಟಾಗಿ ತನ್ನಿ. ಮೊಂಡಾದ ಬಿಟ್ಟಿನ ಮೇಲೆ ಮಮಕಾರ ಇಟ್ಟುಕೊಂಡು ಒತ್ತುವುದು ನಿಮ್ಮ ಹಳೆಯ ಚಾಳಿ. ರಿವೆಟ್ ಬೀಳುವವರೆಗೆ ತಗಡುಗಳನ್ನು ಕಚ್ಚಿ ಹಿಡಿಯುವ ಸ್ಪ್ರಿಂಗ್ ಪಿನ್ನುಗಳು ಎಷ್ಟು ಸಾಕು ಎಂದುಕೊಂಡಿದ್ದೀರೋ ಅದರ ಎರಡರಷ್ಟು ಬೇಕಾಗುತ್ತವೆ. ತೂತು ಕೊರೆದಾಗ ಅಂಚಿನಲ್ಲಿ ಏಳುವ ಮುಳ್ಳು ತೆಗೆಯಲು ಕೈಯಲ್ಲಿ ತಿರುಗಿಸುವ ಸಣ್ಣ ಉಪಕರಣ ಸಿಗುತ್ತದೆ, ಮರದ ಹಿಡಿಯದು ತನ್ನಿ. ಪ್ಲಾಸ್ಟಿಕ್ಕಿನದಾದರೆ ಸಂಜೆಯೊಳಗೆ ಅಂಗೈಯಲ್ಲಿ ಬೊಬ್ಬೆ.

ಆದರೆ ಇದೆಲ್ಲ ಹೇಳಿ ಏನು ಪ್ರಯೋಜನ? ನನ್ನ ಕಿಟಕಿಗೆ ಬಂದು ಯಾರಾದರೂ ಒಳ್ಳೆಯ ಸುತ್ತಿಗೆ ಕೊಡಿ ಅಂದರೆ ನಾನು ಮೊದಲು ಕೇಳುವುದು, ಯಾರ ಕೈಗೆ ಎಂದು. ನಿಮ್ಮ ಪತ್ರದಲ್ಲಿ ಅದೊಂದಿಲ್ಲ. ನೀವು ಹೇಳದಿದ್ದರೂ ಟೈಲರ್ ಹೇಳಿದ್ದಾನೆ. ಹಲ್ಲಿನ ಡಾಕ್ಟರಮ್ಮ ದಿನಾ ಸಂಜೆ ಕ್ಲಿನಿಕ್ ಮುಚ್ಚಿ ನೇರವಾಗಿ ನಮ್ಮ ಶೆಡ್ಡಿಗೆ ಬರುತ್ತಾರಂತೆ. ತಲೆಗೆ ಬಟ್ಟೆ ಕಟ್ಟಿಕೊಂಡು ನಿಮ್ಮ ಎದುರು ನಿಂತು ರಿವೆಟ್ ಕೂರಿಸುತ್ತಾರಂತೆ, ನಗುತ್ತಾ ಇರುತ್ತಾರಂತೆ. ನಗುವಂಥದ್ದು ಏನಿದೆ ರಿವೆಟ್ಟಿನಲ್ಲಿ? ದವಡೆ ಹಲ್ಲು ಕೀಳಿಸಿಕೊಳ್ಳಲು ಹೋದವರು ನೀವು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ವಿಮಾನದ ಕಥೆ ಹೇಳಿ ಬಂದಿದ್ದೀರಿ. ನನ್ನೊಡನೆ ಬಾಯಿ ಖಾಲಿ ಇದ್ದಾಗಲೂ ಅಷ್ಟು ಮಾತಾಡಿದವರಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಹೊಟ್ಟೆಕಿಚ್ಚೇ.

ರಿವೆಟ್ಟಿಗೆ ಇಬ್ಬರು ಬೇಕು. ತಗಡಿನ ಈಚೆ ಒಬ್ಬರು ಗನ್ ಹಿಡಿದು ಹೊಡೆಯಬೇಕು, ಆಚೆ ಇನ್ನೊಬ್ಬರು ರಿವೆಟ್ಟಿನ ಬಾಲಕ್ಕೆ ಕಬ್ಬಿಣದ ಗಟ್ಟಿ, ಅಂದರೆ ಡಾಲಿ, ಒತ್ತಿ ಹಿಡಿಯಬೇಕು. ಹೊಡೆಯುವವರಿಗೆ ಆಚೆ ಏನಾಯಿತೆಂದು ಕಾಣುವುದಿಲ್ಲ, ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ಆಚೆಯವರು ತಗಡು ತಟ್ಟಿ ಹೇಳಬೇಕು. ಒಂದು ಏಟು ಅಂದರೆ ಇನ್ನೂ ಹೊಡಿ, ಎರಡು ಅಂದರೆ ಸರಿಯಾಗಿದೆ ಮುಂದೆ ಹೋಗು, ಮೂರು ಅಂದರೆ ಕೆಟ್ಟಿತು, ಕೊರೆದು ತೆಗೆ. ಇದನ್ನು ನಿಮಗೆ ನಾನು ಬರೆಯುವುದೇನು? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬಸ್ಸಿನ ಒಳಗೆ, ನೀವು ಹೊರಗೆ. ನಿಮ್ಮ ಮುಖ ಸರಿಯಾಗಿ ನೋಡುವ ಮೊದಲೇ ನಿಮ್ಮ ಗನ್ನಿನ ಸದ್ದು ನನಗೆ ಗೊತ್ತಾಗಿತ್ತು, ನನ್ನ ಏಟು ನಿಮಗೆ. ಮದುವೆಯಾದ ಮೇಲೂ ಅದು ಬಿಡಲಿಲ್ಲ. ಊಟಕ್ಕೆ ಕೂತು ತಟ್ಟೆಗೆ ಒಂದು ತಟ್ಟಿದರೆ ಇನ್ನೂ ಬೇಕು, ಎರಡು ತಟ್ಟಿದರೆ ಚೆನ್ನಾಗಿದೆ. ಮೂರು ತಟ್ಟುವ ಧೈರ್ಯ ನಿಮಗೆ ಯಾವತ್ತೂ ಬರಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರೂ ಹೀಗೇ ತಟ್ಟುತ್ತಿದ್ದರು, ಗೊತ್ತು. ಆದರೂ ನಮ್ಮದು ನಮ್ಮದೇ.

ಹಳೆಯ ಡಾಲಿ ಎಲ್ಲಿದೆಯೋ ನನಗೇನು ಗೊತ್ತು? ನಿಮ್ಮ ಶೆಡ್ಡಿನಲ್ಲಿ ಹುಡುಕಿ. ಅದು ನನ್ನ ಎಡಗೈ ಅಳತೆಗೆ ನೀವೇ ಉಜ್ಜಿ ಕೊಟ್ಟದ್ದು, ಇನ್ನೊಬ್ಬರ ಕೈಗೆ ಹೇಗೂ ಕೂರುವುದಿಲ್ಲ. ಹೊಸದು ಕೊಳ್ಳಿ. ಅಂಗಡಿಯಲ್ಲಿ ಇರುವುದರಲ್ಲೆಲ್ಲ ದೊಡ್ಡದು, ಭಾರದ್ದು ಕೊಳ್ಳಿ. ಡಾಲಿ ಭಾರವಾದಷ್ಟೂ ಕಡಿಮೆ ಏಟು ಸಾಕು. ಇದು ಟೂಲ್‌ರೂಮಿನ ಮಾತು, ನಂಬಿ.

ಇಂತಿ,
ಕಾಗದದ ಪ್ರಕಾರ ಇನ್ನೂ ನಿಮ್ಮ ಹೆಂಡತಿ

ತಾ.ಕ.: ನಕ್ಷೆಯಲ್ಲಿ ಎರಡು ಸೀಟು ನೋಡಿದ ನೆನಪು. ಒಂದು ನಿಮ್ಮದು. ಇನ್ನೊಂದು?

•

ಶುಕ್ರವಾರ, ಮಾರ್ಚ್ ೧೫

ಮನೆಯವಳಿಗೆ,

ಹೇಗಿದ್ದೀಯ? ಕೇಳಲಿಲ್ಲ ಎಂದು ನೀನು ಬರೆದಿದ್ದೆ, ಈಗ ಕೇಳಿದ್ದೇನೆ.

ನೀನು ಹೇಳಿದ್ದನ್ನೆಲ್ಲ ತಂದೆ. ಕೆಂಪು, ಹಸಿರು ಕತ್ತರಿ ಎರಡೂ ಚೆನ್ನಾಗಿವೆ. ಡಾಕ್ಟರಮ್ಮ ಕೂಡ ಗಾಳಿಯ ಡ್ರಿಲ್ಲೇ ಒಳ್ಳೆಯದು ಎಂದರು, ಕ್ಲಿನಿಕ್ಕಿನಲ್ಲಿ ಅವರದೂ ಅದೇ. ಡಾಕ್ಟರಮ್ಮ ಡ್ರಿಲ್ ಹಿಡಿಯುವುದು ನೋಡಬೇಕು, ಒತ್ತುವುದೇ ಇಲ್ಲ. ತಗಡಿನ ಹಿಂದೆ ಕಣ್ಣು ಹಾಯದ ಕಡೆ ನೋಡಲು ಡಾಕ್ಟರಮ್ಮ ಹಲ್ಲು ನೋಡುವ ಸಣ್ಣ ಕನ್ನಡಿ ತಂದುಕೊಟ್ಟಿದ್ದಾರೆ. ಬಹಳ ಉಪಯೋಗ. ನಿನ್ನ ಟೂಲ್‌ರೂಮಿಗೂ ಒಂದು ತರಿಸಬಹುದು. ತಟ್ಟುವುದನ್ನೂ ಹೇಳಿಕೊಟ್ಟಿದ್ದೇನೆ, ನಮ್ಮದೇ, ಒಂದು ಎರಡು ಮೂರು. ಡಾಕ್ಟರಮ್ಮ ಬೇಗ ಕಲಿತರು.

ಭಾರದ ಡಾಲಿ ತಂದೆ. ಡಾಕ್ಟರಮ್ಮನ ಮಣಿಕಟ್ಟು ಊದಿದೆ. ಅಭ್ಯಾಸವಾದರೆ ಸರಿಹೋಗಬಹುದು. ಹಳೆಯದು ಶೆಡ್ಡಿನಲ್ಲಿ ಇಲ್ಲ, ಮತ್ತೊಮ್ಮೆ ಹುಡುಕುತ್ತೇನೆ.

ಇನ್ನೊಂದು ಸೀಟಿನ ಬಗ್ಗೆ ಕೇಳಿದ್ದೀಯ. ಅದು ಬಲಗಡೆ ಬರುತ್ತದೆ.

ನಿನ್ನ ಇನ್ನೊಂದು ಕನ್ನಡಕ ಸಿಕ್ಕಿತು, ಊಟದ ಮೇಜಿನ ಮೇಲಿಟ್ಟಿದ್ದೇನೆ. ಮುಂದಿನ ವಾರ, ಇಪ್ಪತ್ನಾಲ್ಕರ ಭಾನುವಾರ ನಾನು ರಿವೆಟ್ ತರಲು ಹೋಗುತ್ತೇನೆ, ಸಂಜೆಯವರೆಗೆ ಇರುವುದಿಲ್ಲ. ಕೀಲಿ ಅದೇ ಜಾಗದಲ್ಲಿದೆ.

ಇಂತಿ,
ಮನೆಯವನು

•

ಸೋಮವಾರ, ಮಾರ್ಚ್ ೨೫

ಡಾಕ್ಟರಮ್ಮನ ಗುರುಗಳಿಗೆ,

ನಮಸ್ಕಾರ. ನಿಮ್ಮ ಪತ್ರದಲ್ಲಿ ಅವರು ಎಷ್ಟು ಸಲ ಬರುತ್ತಾರೆ ಎಂದು ಎಣಿಸಲು ಕೂತವಳು ಅರ್ಧಕ್ಕೆ ಬಿಟ್ಟೆ. ನಾನು ಬರುವುದು ಕೊನೆಯಲ್ಲಿ, ಕನ್ನಡಕದ ಜೊತೆ.

'ಬೇಗ ಕಲಿತರು' ಎಂಬ ಆ ಮಾತು ಓದಿ ನನಗೆ ಏನಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ನೀವು ಅವರ ಜೊತೆ ಸಿನಿಮಾಕ್ಕೆ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೋಟೆಲಿನಲ್ಲಿ ಕೂತು ಕಾಫಿ ಕುಡಿದಿದ್ದರೂ, ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಆದರೆ ನೀವು ಈಚೆ ನಿಂತಿದ್ದೀರಿ, ಆಚೆಯಿಂದ ಇನ್ನೊಬ್ಬ ಹೆಂಗಸು ಎರಡು ಏಟು ತಟ್ಟುತ್ತಾಳೆ, ನೀವು ತಲೆಯಾಡಿಸಿ ಮುಂದಿನ ರಿವೆಟ್ಟಿಗೆ ಹೋಗುತ್ತೀರಿ. ಇದು ಕಣ್ಣ ಮುಂದೆ ಬಂದು ವರ್ಕ್‌ಶಾಪಿನಲ್ಲಿ ಒಬ್ಬನಿಗೆ ಸ್ಪ್ಯಾನರ್ ಬದಲು ಗರಗಸ ಕೊಟ್ಟು ಕಳಿಸಿದೆ. ಅವನು ಹೆದರಿ ತೆಗೆದುಕೊಂಡು ಹೋದ.

ನಿನ್ನೆ ಕನ್ನಡಕಕ್ಕೆಂದು ಬಂದಿದ್ದೆ. ಹೊರಡುವಾಗ ಅಕ್ಕ 'ಕನ್ನಡಕ ತರೋದಕ್ಕೆ ಹೊಸ ಚಪ್ಪಲಿ ಯಾಕೆ?' ಎಂದು ಕೇಳಿದಳು. ಹಳೆಯದು ಕಚ್ಚುತ್ತದೆ ಎಂದೆ. ಹಳೆಯ ಚಪ್ಪಲಿ ಕಚ್ಚುತ್ತದೆಯೇ ಎಲ್ಲಾದರೂ?

ಮೊದಲು ಮಲಗುವ ಕೋಣೆಗೆ ಹೋದೆ. ರೆಕ್ಕೆ ಅಲ್ಲೇ ಇದೆ, ನನ್ನ ದಿಂಬಿನ ಮೇಲೆಯೇ. ತುದಿಗೆ ಮಾತ್ರ ನಿಮ್ಮ ಹಳೆಯ ಸ್ವೆಟರ್ ಸುತ್ತಿ ದಾರ ಕಟ್ಟಿದ್ದೀರಿ, ಎದ್ದರೆ ನನ್ನ ತಲೆಗೆ ತಾಗದಿರಲಿ ಎಂದು ತಾನೇ? ಎಂಥ ಬುದ್ಧಿ! ನಾನಿಲ್ಲದ ಮಂಚದ ಮೇಲೆ ನನ್ನ ತಲೆ ಕಾಯುತ್ತಿದ್ದೀರಿ, ರೆಕ್ಕೆಯನ್ನು ಎರಡಡಿ ಆಚೆ ಜರುಗಿಸಲು ಹೊಳೆಯಲಿಲ್ಲ. ದಾರದ ಗಂಟು ಸಡಿಲವಾಗಿತ್ತು, ಬಿಗಿ ಮಾಡಿದೆ.

ಶೆಡ್ಡಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಡಾಕ್ಟರಮ್ಮ. ಬಲಗೈ ಮಣಿಕಟ್ಟಿಗೆ ಪಟ್ಟಿ, ಎಡಗೈಯಲ್ಲಿ ತೂತಿನ ಮುಳ್ಳು ತೆಗೆಯುತ್ತಿದ್ದರು. ಕೂದಲ ತುಂಬ ಅಲ್ಯೂಮಿನಿಯಂ ಪುಡಿ. ಸುಂದರಿಯೇನಲ್ಲ ಎಂದು ಬರೆಯಲು ನನಗೆ ಬಹಳ ಆಸೆ. ಸುಳ್ಳಾಗುತ್ತದೆ, ಚೆನ್ನಾಗಿದ್ದಾರೆ. ಗೋಡೆಯ ಹಲಗೆಯ ಮೇಲೆ ಉಪಕರಣಗಳನ್ನು ನೇತುಹಾಕಿ ಒಂದೊಂದರ ಸುತ್ತ ಗೆರೆ ಎಳೆದಿದ್ದಾರೆ, ಯಾವುದು ಜಾಗದಲ್ಲಿಲ್ಲ ಎಂದು ಥಟ್ಟನೆ ಕಾಣಿಸುವ ಹಾಗೆ. ಅದು ಅವರ ಕೆಲಸವೇ ಎಂದು ಕೇಳಿ ತಿಳಿದೆ, ನಿಮಗೆಲ್ಲಿ ಬರಬೇಕು. ಅರಗಳಿಗೆ ಹಿಡಿ ಇದ್ದವು. ಕತ್ತರಿಯ ಬಾಯಿ ಒರೆಸಿತ್ತು. ಒಂದಾದರೂ ತಪ್ಪು ಸಿಗಲಿ ಎಂದು ನೋಡಿದೆ, ಸಿಗಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಅವರು ನನ್ನನ್ನು ನೋಡಿದವರೇ 'ಅಕ್ಕಾ, ನೀವೇ ಅಲ್ವಾ? ಬನ್ನಿ ಬನ್ನಿ, ನಿಮ್ಮ ವಿಷಯ ಕೇಳಿ ಕೇಳಿ ಸಾಕಾಗಿದೆ ನಂಗೆ' ಎಂದರು. ನನ್ನ ವಿಷಯ ಹೇಳುವುದಕ್ಕೆ ಏನಿದೆ ಎಂದೆ, ಸ್ವಲ್ಪ ಗಡುಸಾಗಿಯೇ. ಅವರು ಸ್ಟೂಲು ಎಳೆದು ಕೊಟ್ಟು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. 'ನಿಮ್ಮ ಮೇಲೆ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ಅಕ್ಕಾ? ನಾನು ಎರಡು ತಟ್ಟಿದ ತಕ್ಷಣ ನಿಮ್ಮನೆಯವರು ಗನ್ ಕೆಳಗಿಟ್ಟು, ಸುತ್ತು ಹಾಕ್ಕೊಂಡು ಈಕಡೆ ಬಂದು, ಕನ್ನಡಿ ಇಟ್ಟು ನೋಡ್ತಾರೆ. ಪ್ರತಿ ರಿವೆಟ್ಟೂ. ಚೆನ್ನಾಗೇ ಕೂತಿರುತ್ತೆ, ಆದ್ರೂ ನೋಡ್ತಾರೆ. ಒಂದಿನ ಕೇಳೇಬಿಟ್ಟೆ, ಯಾಕ್ ಸಾರ್, ನಂಬಿಕೆ ಇಲ್ವಾ ಅಂತ. ನಂಬಿಕೆ ಇದೆ ಡಾಕ್ಟರಮ್ಮ, ಆದ್ರೆ ಅವಳು ಎರಡು ತಟ್ಟಿದ್ರೆ ನಾನು ಒಂದ್ಸಲಾನೂ ಹೋಗಿ ನೋಡಿದ್ದಿಲ್ಲ, ಅಂದ್ರು.'

ನಾನು ಮುಳ್ಳು ತೆಗೆಯುವ ಉಪಕರಣ ಎತ್ತಿಕೊಂಡು ಹಿಡಿ ನೋಡಿದೆ. ಮರದ್ದೇ ತಂದಿದ್ದೀರಿ.

ನೆನಪು ಮಾಡಿಕೊಂಡೆ. ಎಷ್ಟೊಂದು ಬಸ್ಸು ಕಟ್ಟಿದೆವು. ನೀವು ಒಂದು ಸಲವೂ ಒಳಗೆ ಬಂದು ನೋಡಲಿಲ್ಲ, ನಿಜ. ಆಗ ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ಒಂದು ಸಾಲು ಅರ್ಧಕ್ಕೆ ನಿಂತಿತ್ತು. ಈ ಕೈಯಲ್ಲಿ ಡಾಲಿ ಹಿಡಿಯಲು ಆಗುತ್ತಿಲ್ಲ ಎಂದರು ಡಾಕ್ಟರಮ್ಮ. ನಾನು ಚಪ್ಪಲಿ ಬಿಟ್ಟು ಆಚೆ ಬದಿಗೆ ಹೋದೆ. ಅವರು ನೋವಿಲ್ಲದ ಕೈಯಲ್ಲಿ ಗನ್ ಹಿಡಿದರು, ನಾನು ಆ ಹೊಸ ಗಟ್ಟಿ ಎತ್ತಿಕೊಂಡೆ. ಅಯ್ಯೋ ದೇವರೇ, ಅದೇನು ಡಾಲಿಯೋ ಬೀಸುವ ಕಲ್ಲೋ! ನಾಲ್ಕಾರು ರಿವೆಟ್ ಆಗುವಷ್ಟರಲ್ಲಿ ನನ್ನ ಮಣಿಕಟ್ಟಿಗೆ ಬೆಂಕಿ ಹತ್ತಿಕೊಂಡಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಭಾರದ್ದು ಕೊಳ್ಳಿ ಎಂದು ಬರೆದದ್ದು ಟೂಲ್‌ರೂಮಿನ ಮಾತಾಗಿರಲಿಲ್ಲ, ಹೊಟ್ಟೆಕಿಚ್ಚಿನ ಮಾತು. ತೆಳು ತಗಡಿಗೆ ಅದರ ಕಾಲು ಭಾಗ ಸಾಕು. ಪಾಪ, ಅವರು ಹಲ್ಲು ಕೀಳಲಾಗದೆ ರೋಗಿಗಳನ್ನು ವಾಪಸ್ ಕಳಿಸುತ್ತಿದ್ದಾರಂತೆ. ಕೇಳಿ ನಾಚಿಕೆಯಾಯಿತು. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ 'ಬೇಗ ಕಲಿತರು' ಮತ್ತೆ ನೆನಪಾಗಿ ಆ ನಾಚಿಕೆ ಅರ್ಧ ಇಳಿಯಿತು. ನಾನು ಇರುವುದೇ ಹೀಗೆ.

ಸಾಲು ಮುಗಿಸಿಯೇ ಬಂದೆ. ಯಾವ ಸಾಲು ಎಂದು ಹೇಳುವುದಿಲ್ಲ, ಡಾಕ್ಟರಮ್ಮನಿಂದಲೂ ಮಾತು ತೆಗೆದುಕೊಂಡಿದ್ದೇನೆ. ಕನ್ನಡಿ ಇದೆಯಲ್ಲ, ಹುಡುಕಿಕೊಳ್ಳಿ. ಕೆಟ್ಟಿದ್ದರೆ ಕೊರೆದು ತೆಗೆಯಿರಿ.

ಈಗ ನನ್ನ ಮಾತು ಕೇಳಿ. ಅಕ್ಕ ಏನೂ ಅನ್ನುವುದಿಲ್ಲ, ನಾನು ಇಲ್ಲೇ ಇದ್ದುಬಿಡಬಹುದು. ಇರಬೇಕೋ ಬರಬೇಕೋ ಎಂದು ತೀರ್ಮಾನಿಸುವವರು ನೀವು. ರೆಕ್ಕೆ ಮಲಗುವ ಕೋಣೆಯಿಂದ ಹೊರಗೆ ಹೋಗಬೇಕು. ಬಲಗಡೆಯ ಸೀಟು ಯಾರದು ಎಂದು ಬರೆಯಬೇಕು. ತಗಡಿನ ಆಚೆ ಬದಿ ಯಾರದು ಎಂದೂ ಬರೆಯಬೇಕು, ಸ್ಪಷ್ಟವಾಗಿ. ಕತ್ತರಿ ಸುತ್ತಿಗೆಯ ಸುದ್ದಿ ನಡುವೆ ಬರಬಾರದು.

ಇಂತಿ,
ಆಚೆ ಬದಿಯವಳು (ಮೊದಲಿನ)

ತಾ.ಕ.: ಕನ್ನಡಕ ಮೇಜಿನ ಮೇಲೆಯೇ ಉಳಿಯಿತು. ಮರೆತೆ.

•

ಶುಕ್ರವಾರ, ಮಾರ್ಚ್ ೨೯

ಮನೆಯವಳಿಗೆ,

ಭಾನುವಾರ ಸಂಜೆ ಬಂದವನು ರೂಢಿಯಂತೆ ಸುತ್ತುಹಾಕಿಕೊಂಡು ಆಚೆ ಬದಿಗೆ ಹೋದೆ. ರೆಕ್ಕೆಯ ಹಿಂದಿನ ಅಂಚಿನ ಸಾಲು ಪೂರ್ತಿಯಾಗಿತ್ತು. ಮೊದಲ ರಿವೆಟ್ಟಿನ ಪಕ್ಕ ತಗಡಿನ ಮೇಲೆ ಹೆಬ್ಬೆರಳ ಗುರುತು ಇತ್ತು. ಎಡಗೈಯದು, ನಡುವೆ ಹಳೆಯ ಗಾಯದ ಗೆರೆ. ರಿವೆಟ್ ಕೂತ ಮೇಲೆ ಹೆಬ್ಬೆರಳು ಒತ್ತಿ ನೋಡುವ ಅಭ್ಯಾಸ ನಿನಗೆ ಇನ್ನೂ ಹೋಗಿಲ್ಲ. ಉಳಿದ ರಿವೆಟ್ಟುಗಳನ್ನು ನೋಡಲಿಲ್ಲ, ಕನ್ನಡಿಯನ್ನು ಡಬ್ಬಿಗೆ ಹಾಕಿದೆ. ನಿನ್ನ ಪತ್ರ ಬಂದದ್ದು ಆಮೇಲೆ.

ಅಲ್ಯೂಮಿನಿಯಂ ಮೇಲೆ ಬೆವರಿನ ಗುರುತು ಬಿಟ್ಟರೆ ಕಲೆ ಹತ್ತುತ್ತದೆ, ಒರೆಸಿಬಿಡಿ ಎಂದು ಡಾಕ್ಟರಮ್ಮ ಹೇಳಿದರು. ಹೌದು ಅಂದೆ. ಇನ್ನೂ ಒರೆಸಿಲ್ಲ.

ರೆಕ್ಕೆಯನ್ನು ಮಲಗುವ ಕೋಣೆಯಿಂದ ತೆಗೆದಿದ್ದೇನೆ. ಈಗ ಅಡುಗೆಮನೆಯಲ್ಲಿದೆ. ಸದ್ಯ ಅಡುಗೆ ಮಾಡುವವನು ನಾನೇ ಆದ್ದರಿಂದ ಯಾರ ಆಕ್ಷೇಪಣೆಯೂ ಇಲ್ಲ.

ಡಾಕ್ಟರಮ್ಮ ಬರುತ್ತಿರುವುದು ಕೆಲಸ ಕಲಿಯಲು. ಮುಂದಿನ ವರ್ಷ ತಮ್ಮದೇ ಒಂದು ವಿಮಾನ ಕಟ್ಟುತ್ತಾರಂತೆ. ಉಪಕರಣ ಆರಿಸಲು ನಿನ್ನನ್ನೇ ಕೇಳಬೇಕೆಂದಿದ್ದಾರೆ. ಬಲಗಡೆಯ ಸೀಟಿನ ಮೆತ್ತೆಯನ್ನು ಟೈಲರ್ ಹೊಲಿಯುತ್ತಿದ್ದಾನೆ. ನಿನ್ನ ಅಳತೆ ಅವನ ಬಳಿ ಇದೆಯಂತೆ, ಹೋದ ವರ್ಷದ್ದು. ಅದೇ ಸಾಕೇ, ಹೆಚ್ಚು ಬಿಡಬೇಕೇ ಎಂದು ಕೇಳುತ್ತಾನೆ.

ಆಚೆ ಬದಿ ಯಾರದು ಎಂದು ಕೇಳಿದ್ದೀಯ. ಪ್ರಶ್ನೆ ಅರ್ಥವಾಗಲಿಲ್ಲ. ನಿನ್ನದಲ್ಲದೆ ಮತ್ತೆ ಯಾರದು?

ಹಳೆಯ ಡಾಲಿ ಇನ್ನೂ ಸಿಕ್ಕಿಲ್ಲ.

ಇಂತಿ,
ಈಚೆ ಬದಿಯವನು

•

ಸೋಮವಾರ, ಏಪ್ರಿಲ್ ೧

ಪ್ರೀತಿಯ ಇವರಿಗೆ,

ಈ ಸಲ ಹೊಡೆದುಹಾಕಿಲ್ಲ, ಬೆಳಕಿಗೆ ಹಿಡಿದು ನೋಡಿ.

ಉಳಿದ ರಿವೆಟ್ಟುಗಳನ್ನು ನೋಡಲಿಲ್ಲವಂತೆ! ಓದಿ ನಾನು ಅಡುಗೆಮನೆಯಲ್ಲಿ ಅಕ್ಕನ ಮುಂದೆಯೇ ಸೆರಗು ಕಣ್ಣಿಗೆ ಒತ್ತಿಕೊಂಡದ್ದು ಬೇರೆ ಮಾತು. ಈಗ ಎದ್ದು ಹೋಗಿ ಕನ್ನಡಿ ತೆಗೆದು ಒಂದೊಂದನ್ನೂ ನೋಡಿ. ಅದು ಬಸ್ಸಲ್ಲ. ಬಸ್ಸು ಕೆಟ್ಟರೆ ಇಳಿದು ತಳ್ಳಬಹುದು. ಕೂರುವವರು ನಾವಿಬ್ಬರು. ಬೆರಳಿನ ಗುರುತನ್ನೂ ಒರೆಸಿ. ಬೆರಳು ನನ್ನ ಬಳಿಯೇ ಇದೆ, ಶನಿವಾರ ಬರುವಾಗ ತರುತ್ತೇನೆ.

ಟೈಲರ್‌ಗೆ ಹೇಳಿ, ಅಕ್ಕನ ಮನೆಯ ಊಟ ಚೆನ್ನಾಗಿತ್ತು, ಧಾರಾಳವಾಗಿಯೇ ಬಿಡಲಿ. ನೀವು ನಗಬಾರದು. ಅಡುಗೆಮನೆಯ ರೆಕ್ಕೆಯ ವಿಷಯ ಬಂದು ಮಾತಾಡುತ್ತೇನೆ. ನನ್ನ ಒಲೆಯ ಮೇಲೇನಾದರೂ ಬಂದು ನಿಂತಿದ್ದರೆ ನಾನು ಚಪ್ಪಲಿ ಬಿಡದೆ ಹಾಗೇ ವಾಪಸ್.

ಡಾಕ್ಟರಮ್ಮನಿಗೆ ಒಂದು ಹಗುರವಾದ ಡಾಲಿ ತಂದುಕೊಡಿ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅವರ ಬೆರಳು ಉದ್ದ, ಕೈ ಕಿರಿದು, ನಾನು ಸರಿಯಾಗಿ ನೋಡಿದ್ದೇನೆ. ಇದು ನಿಜವಾದ ಟೂಲ್‌ರೂಮಿನ ಮಾತು. ಅವರು ಕಲಿಯಲು ಬರಲಿ, ಬೇಡ ಅನ್ನುವುದಿಲ್ಲ. ಒಳ್ಳೆಯ ಕೈ, ಕಲಿಸದಿದ್ದರೆ ಪಾಪ ಬರುತ್ತದೆ. ಆದರೆ ಅವರು ಆಚೆ ಬದಿ ನಿಲ್ಲುವ ದಿನ ಈಚೆ ಬದಿ ಗನ್ ಹಿಡಿಯುವವಳು ನಾನು. ನೀವು ಒಳಗೆ ಹೋಗಿ ನಮ್ಮಿಬ್ಬರಿಗೂ ಚಹಾ ಮಾಡಬೇಕು. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ ಎಂದು ಅಕ್ಕ ಹೇಳುತ್ತಾಳೆ. ಹೋಗುವುದೂ ಇಲ್ಲ ಎಂದು ನಾನು ಹೇಳಿದೆ.

ಇಂತಿ,
ಆಚೆ ಬದಿಯವಳು

ತಾ.ಕ.: ಹಳೆಯ ಡಾಲಿಗಾಗಿ ಶೆಡ್ಡು ಹುಡುಕುವುದನ್ನು ನಿಲ್ಲಿಸಿ. ಅದು ಇಲ್ಲಿ ನನ್ನ ಮಂಚದ ಕೆಳಗಿದೆ. ಮನೆ ಬಿಟ್ಟ ದಿನವೇ ತಂದೆ, ಬೇರೆ ಯಾರೂ ಅದನ್ನು ಹಿಡಿದು ನಿಮ್ಮ ಎದುರು ನಿಲ್ಲಬಾರದು ಎಂದು. ಡಾಕ್ಟರಮ್ಮ ಯಾರೆಂದೇ ಆಗ ನನಗೆ ಗೊತ್ತಿರಲಿಲ್ಲ. ಬಸ್ ಸ್ಟಾಪಿನವರೆಗೆ ಅದನ್ನು ಹೊತ್ತವರು ನೀವೇ. ಇಷ್ಟು ಭಾರ ಏನಿಟ್ಟಿದ್ದೀಯ ಎಂದು ಕೇಳಿದಿರಿ. ಬಟ್ಟೆ ಅಂದೆ.